ಕ್ರಿಮಿನಲ್ ನ್ಯಾಯಾಲಯಗಳ ಕರಡು ನಿಯಮಗಳಿಗೆ ಆರೋಪಿ ಪರ ವಕೀಲರು ಸಲಹೆ, ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಕ್ರಿಮಿನಲ್ ನ್ಯಾಯಾಲಯಗಳ ನಡಾವಳಿಯ ನಿಯಮಗಳನ್ನು ಬದಲಾಯಿಸುವ ಪ್ರಸ್ತಾಪ ಬಂದಾಗಲೆಲ್ಲ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಶಿರಸಿ, ಕುಮಟಾ, ಭಟ್ಕಳ ಕಡೆಯ ಕಿರಿಯ ವಕೀಲರು ಕೇಳುವ ಪ್ರಶ್ನೆ ಒಂದೇ. ತಾಲೂಕು ಕೋರ್ಟಿನಲ್ಲಿ ಆರೋಪಿಗಳ ಪರ ವಾದಿಸುವ ನಾವು ನಮ್ಮ ಅಭಿಪ್ರಾಯವನ್ನು ಯಾರಿಗೆ, ಯಾವ ರೂಪದಲ್ಲಿ ಕಳಿಸಬೇಕು, ಕಳಿಸಿದರೆ ಅದನ್ನು ಯಾರಾದರೂ ಓದುತ್ತಾರೆಯೇ? ಪ್ರಶ್ನೆಯ ಮೊದಲ ಭಾಗಕ್ಕೆ ಈ ಲೇಖನ ಹಂತ ಹಂತವಾಗಿ ಉತ್ತರ ಕೊಡುತ್ತದೆ. ಎರಡನೆಯ ಭಾಗಕ್ಕೆ ಈಗಲೇ ಹೇಳಬಹುದಾದದ್ದು ಇಷ್ಟು: ಕೇವಲ ವಿರೋಧ ಸೂಚಿಸುವ ಠರಾವಿಗಿಂತ, ಕರಡಿನ ಇಂತಹ ನಿಯಮದ ಇಂತಹ ಸಾಲನ್ನು ಹೀಗೆ ತಿದ್ದಿ ಎಂದು ಬದಲಿ ವಾಕ್ಯವನ್ನೇ ಬರೆದುಕೊಡುವ ಎರಡು ಪುಟದ ಟಿಪ್ಪಣಿಗೆ ಹೆಚ್ಚು ಬೆಲೆ ಇರುತ್ತದೆ.

ಮೊದಲು ಬೇಕಾಗುವ ಸಾಮಗ್ರಿ ಹೇಳಿಬಿಡುತ್ತೇನೆ. ಕರಡಿನ ಅಧಿಕೃತ ಪ್ರತಿ, 1968ರ ಕರ್ನಾಟಕ ಕ್ರಿಮಿನಲ್ ರೂಲ್ಸ್ ಆಫ್ ಪ್ರ್ಯಾಕ್ಟಿಸ್ (ಅಧೀನ ಕ್ರಿಮಿನಲ್ ನ್ಯಾಯಾಲಯಗಳ ದಿನನಿತ್ಯದ ಕಾರ್ಯವಿಧಾನ ನಿಯಮಗಳು) ತಿದ್ದುಪಡಿಗಳ ಸಮೇತ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದದ್ದು, ಮುಂದೆ ಬರೀ ‘ಸಂಹಿತೆ’ ಅಥವಾ ‘ಕಲಮು’ ಎಂದರೆ ಇದರದೇ) ಹಾಗೂ ಭಾರತೀಯ ಸಾಕ್ಷ್ಯ ಅಧಿನಿಯಮ, ಮತ್ತು ನಿಮ್ಮದೇ ಕಡತಗಳ ಆದೇಶ ಹಾಳೆಗಳು, ಅಂದರೆ ಆರ್ಡರ್ ಶೀಟ್‌ಗಳು. ಇವುಗಳ ಪೈಕಿ ಕೊನೆಯದು ನಿಮ್ಮ ಬಳಿ ಮಾತ್ರ ಇರುವ ಸಾಮಗ್ರಿ.

ಹಂತ 1: ಕರಡು ಯಾವ ಅಧಿಕಾರದಡಿ ಬಂದಿದೆ ಎಂದು ನೋಡಿ

ಕರಡಿನ ಪೀಠಿಕೆಯಲ್ಲಿ ಅದು ಯಾವ ಅಧಿಕಾರವನ್ನು ಚಲಾಯಿಸಿ ಹೊರಬಂದಿದೆ ಎಂಬ ಉಲ್ಲೇಖ ಇರುತ್ತದೆ. ಬಹಳ ಮಂದಿ ಈ ಸಾಲನ್ನು ಓದದೆ ದಾಟಿಬಿಡುತ್ತಾರೆ. ಸಂವಿಧಾನದ 227ನೇ ವಿಧಿಯಡಿ ಉಚ್ಚ ನ್ಯಾಯಾಲಯವು ತನ್ನ ಅಧೀನ ನ್ಯಾಯಾಲಯಗಳ ಕಾರ್ಯವಿಧಾನಕ್ಕೆ ಸಾಮಾನ್ಯ ನಿಯಮಗಳನ್ನೂ ನಮೂನೆಗಳನ್ನೂ ರೂಪಿಸಬಹುದು. ಆದರೆ ಅವು ಜಾರಿಯಲ್ಲಿರುವ ಕಾನೂನಿಗೆ ವಿರುದ್ಧವಾಗಿರಬಾರದು, ಮತ್ತು ಅವುಗಳಿಗೆ ರಾಜ್ಯಪಾಲರ ಪೂರ್ವಾನುಮೋದನೆ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ 523ನೇ ಕಲಮಿನಡಿ ಬರುವ ನಿಯಮಗಳಾದರೆ ರಾಜ್ಯ ಸರ್ಕಾರದ ಪೂರ್ವಾನುಮೋದನೆ ಬೇಕು, ಮತ್ತು ಅವು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು.

ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಒಂದು, ನಿಮ್ಮ ಆಕ್ಷೇಪಣೆಗೆ ಇರಬಹುದಾದ ಅತ್ಯಂತ ಗಟ್ಟಿಯಾದ ಆಧಾರ ಯಾವುದು ಎಂಬುದು: ನಿಯಮವು ಮೂಲ ಕಾನೂನನ್ನು ಮೀರುವಂತಿಲ್ಲ. ಎರಡು, ಸಲಹೆ ಕೇಳುವುದು ಎಲ್ಲ ಸಂದರ್ಭದಲ್ಲೂ ಕಡ್ಡಾಯವಲ್ಲ ಎಂಬುದು. ಜನರಲ್ ಕ್ಲಾಸಸ್ ಅಧಿನಿಯಮದ 23ನೇ ಕಲಮು ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಪರಿಗಣಿಸಬೇಕು ಎನ್ನುವುದು, ಮೂಲ ಕಾನೂನೇ ‘ಪೂರ್ವ ಪ್ರಕಟಣೆ’ಯ ಷರತ್ತನ್ನು ಹಾಕಿದ್ದಾಗ ಮಾತ್ರ. 523ನೇ ಕಲಮಿನಲ್ಲಿ ಅಂತಹ ಷರತ್ತು ಕಾಣುವುದಿಲ್ಲ. ಕಾನೂನು ಕರಡುಗಳಿಗೆ 30 ದಿನಗಳ ಸಮಾಲೋಚನೆ ಇರಬೇಕೆಂಬ 2014ರ ನೀತಿಯೂ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಸಂಬಂಧಿಸಿದ್ದು, ಅದನ್ನು ಉಚ್ಚ ನ್ಯಾಯಾಲಯದ ನಿಯಮಗಳಿಗೆ ಅನ್ವಯಿಸಿ ವಾದಿಸಬೇಡಿ. ಆದ್ದರಿಂದ ಆಹ್ವಾನ ಬಂದಾಗ ಅದನ್ನು ಸಿಕ್ಕ ಅವಕಾಶವೆಂದು ತಿಳಿದು ಬಳಸಿಕೊಳ್ಳಬೇಕು. ಆಹ್ವಾನ ಬಾರದಿದ್ದರೂ ಜಿಲ್ಲಾ ನ್ಯಾಯಾಧೀಶರ ಮೂಲಕ ಮನವಿ ಸಲ್ಲಿಸಲು ಅಡ್ಡಿಯೇನೂ ಇಲ್ಲ.

ಹಂತ 2: ಅವಧಿ ಎಣಿಸಿಕೊಳ್ಳಿ

ಅಧಿಸೂಚನೆಯ ದಿನಾಂಕ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕ, ವಕೀಲರ ಸಂಘದ ಫಲಕಕ್ಕೆ ಅದು ತಲುಪಿದ ದಿನಾಂಕ ಇವು ಮೂರೂ ಬೇರೆ ಬೇರೆ ಇರಬಹುದು. ಅವಧಿ ಯಾವುದರಿಂದ ಶುರುವಾಗುತ್ತದೆ ಎಂದು ಅಧಿಸೂಚನೆಯಲ್ಲೇ ಓದಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಅರ್ಧ ಪ್ರತಿಯನ್ನು ನಂಬಿ ಕೆಲಸ ಶುರು ಮಾಡಬೇಡಿ, ಅನುಬಂಧಗಳೂ ನಮೂನೆಗಳೂ ಹೆಚ್ಚಾಗಿ ಅದರಲ್ಲಿ ಇರುವುದಿಲ್ಲ, ಮತ್ತು ಆರೋಪಿಗೆ ತೊಡಕಾಗುವ ಬದಲಾವಣೆ ಎಷ್ಟೋ ಸಲ ನಮೂನೆಯೊಳಗೇ ಅಡಗಿರುತ್ತದೆ.

ಹಂತ 3: ಮೂರು ಕಂಬಸಾಲಿನ ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆಯಿರಿ. ಮೊದಲನೆಯದರಲ್ಲಿ ಸಂಹಿತೆಯ ಕಲಮು, ಎರಡನೆಯದರಲ್ಲಿ ಈಗಿರುವ ನಿಯಮ, ಮೂರನೆಯದರಲ್ಲಿ ಕರಡು ನಿಯಮ. ಕರಡಿನ ಎಲ್ಲ ನಿಯಮಗಳಿಗೂ ಟಿಪ್ಪಣಿ ಬರೆಯುವ ಅಗತ್ಯವಿಲ್ಲ. ಆರೋಪಿಯ ಸಮಯ, ಆರೋಪಿಗೆ ಸಿಗುವ ದಾಖಲೆ, ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು), ಭಾಷೆ, ಜಾಮೀನು, ಈ ಐದರಲ್ಲಿ ಯಾವುದನ್ನಾದರೂ ಮುಟ್ಟುವ ನಿಯಮಗಳನ್ನು ಗುರುತಿಸಿ ಉಳಿದದ್ದನ್ನು ಬಿಡಿ.

ಈ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ದಾಖಲೆಯನ್ನೂ ಇಟ್ಟುಕೊಳ್ಳಿ. ಕ್ರಿಮಿನಲ್ ವಿಚಾರಣೆಗಳಲ್ಲಿನ ಕೊರತೆಗಳ ಕುರಿತು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್ 20ರಂದು ಮಾದರಿ ಕರಡು ನಿಯಮಗಳನ್ನು ಅಂತಿಮಗೊಳಿಸಿ, ಆರು ತಿಂಗಳೊಳಗೆ ಅವುಗಳನ್ನು ಅಳವಡಿಸಿಕೊಳ್ಳಲು ಕ್ರಮ ಕೈಗೊಳ್ಳುವಂತೆ ಎಲ್ಲ ಉಚ್ಚ ನ್ಯಾಯಾಲಯಗಳಿಗೆ ಸೂಚಿಸಿತು. ತನಿಖಾಧಿಕಾರಿಯು ವಶಪಡಿಸಿಕೊಂಡರೂ ಅವಲಂಬಿಸದೇ ಬಿಟ್ಟ ದಾಖಲೆ, ಹೇಳಿಕೆ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಎಂಬುದು, ಮತ್ತು ಜಾಮೀನು ಅರ್ಜಿಗಳನ್ನು ಸಾಮಾನ್ಯವಾಗಿ ಮೊದಲ ವಿಚಾರಣೆಯಿಂದ 3ರಿಂದ 7 ದಿನಗಳೊಳಗೆ ತೀರ್ಮಾನಿಸಬೇಕು ಎಂಬುದು ಅದರಲ್ಲಿವೆ. ಅವಲಂಬಿಸದ ದಾಖಲೆಗಳ ಪಟ್ಟಿಯ ಮಹತ್ವವನ್ನು 2022ರ ಮನೋಜ್ ವಿರುದ್ಧ ಮಧ್ಯಪ್ರದೇಶ ರಾಜ್ಯ ತೀರ್ಪು ಮತ್ತೆ ಒತ್ತಿ ಹೇಳಿತು. ನಿಮ್ಮ ಮುಂದಿರುವ ಕರಡು ಈ ಮಾದರಿಗಿಂತ ಹಿಂದೆ ಸರಿದಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆಯಾಗಲಿ.

ಹಂತ 4: ದಾಖಲೆ ಒದಗಿಸುವ ನಿಯಮವನ್ನು ಗಡಿಯಾರ ಎದುರಿಗಿಟ್ಟುಕೊಂಡು ಓದಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಹೊಸ ಸಂಹಿತೆ ಆರೋಪಿಯ ಮೇಲೆ ಹೇರಿರುವ ಕಾಲಮಿತಿಗಳೆಲ್ಲ ಇಲ್ಲಿಗೆ ಬಂದು ಸೇರುತ್ತವೆ.

230ನೇ ಕಲಮಿನ ಪ್ರಕಾರ ಆರೋಪಿ ಹಾಜರಾದ ಅಥವಾ ಹಾಜರುಪಡಿಸಿದ ದಿನದಿಂದ 14 ದಿನಗಳೊಳಗೆ ಪೊಲೀಸ್ ವರದಿ ಮತ್ತು ಅದರೊಂದಿಗಿನ ದಾಖಲೆಗಳ ಪ್ರತಿ ಅವನಿಗೆ ಸಿಗಬೇಕು. ದಾಖಲೆ ಬಹಳ ದೊಡ್ಡದಾಗಿದ್ದರೆ ವಿದ್ಯುನ್ಮಾನ ರೂಪದಲ್ಲಿ ಕೊಡಬಹುದು, ಅಥವಾ ನೋಡಲು ಮಾತ್ರ ಅವಕಾಶ ಕೊಡಬಹುದು. ಇನ್ನೊಂದು ಕಡೆ, ಬಿಡುಗಡೆ ಕೋರಿ ಸಲ್ಲಿಸುವ ಅರ್ಜಿಗೆ, ಅಂದರೆ ವಿಚಾರಣೆಗೆ ಮೊದಲೇ ಆರೋಪದಿಂದ ಕೈಬಿಡುವಂತೆ ಕೇಳುವ ಡಿಸ್ಚಾರ್ಜ್ ಅರ್ಜಿಗೆ, 60 ದಿನಗಳ ಮಿತಿ ಇದೆ. ದಂಡಾಧಿಕಾರಿಯ ಮುಂದಿನ ವಾರಂಟ್ ಪ್ರಕರಣದಲ್ಲಿ (ಎರಡು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧದ ಪ್ರಕರಣದಲ್ಲಿ) 262ನೇ ಕಲಮಿನಂತೆ ಈ ಅವಧಿ ಪ್ರತಿ ಕೈಸೇರಿದ ದಿನದಿಂದ ಶುರುವಾಗುತ್ತದೆ. ಸೆಷನ್ಸ್ ಪ್ರಕರಣದಲ್ಲಿ ಹಾಗಲ್ಲ, 250ನೇ ಕಲಮಿನಂತೆ ಪ್ರಕರಣವನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಿದ ದಿನದಿಂದಲೇ ಶುರುವಾಗುತ್ತದೆ. ಇದಲ್ಲದೆ 330ನೇ ಕಲಮಿನಡಿ ಎದುರು ಪಕ್ಷ ಹಾಜರುಪಡಿಸಿದ ದಾಖಲೆಗಳ ಅಸಲಿತನವನ್ನು ಒಪ್ಪುವುದೋ ನಿರಾಕರಿಸುವುದೋ ಎಂಬುದನ್ನು ದಾಖಲೆ ಸಿಕ್ಕ 30 ದಿನಗಳೊಳಗೆ ಹೇಳಬೇಕು. ನ್ಯಾಯಾಲಯ ಕಾರಣ ದಾಖಲಿಸಿ ಈ ಮಿತಿಯನ್ನು ಸಡಿಲಿಸಬಹುದಾದರೂ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ, ಏಕೆಂದರೆ ತಜ್ಞರ ವರದಿಯನ್ನು ಯಾವ ಪಕ್ಷವೂ ವಿವಾದಿಸದಿದ್ದರೆ ತಜ್ಞರನ್ನು ಕೋರ್ಟಿಗೆ ಕರೆಸುವುದೇ ಇಲ್ಲ.

ಈಗ ಕಾರವಾರದ ಸೆಷನ್ಸ್ ಕೋರ್ಟಿಗೆ ಒಪ್ಪಿಸಲಿರುವ ಒಂದು ಪ್ರಕರಣವನ್ನು ಊಹಿಸಿಕೊಳ್ಳಿ. ತಾಲೂಕು ಕೋರ್ಟಿನಲ್ಲಿ ಪೆನ್‌ಡ್ರೈವ್ ಕೊಟ್ಟು ಸಹಿ ಪಡೆಯುತ್ತಾರೆ. ಮನೆಗೆ ಬಂದು ನೋಡಿದರೆ ಶೋಧನೆಯ ವಿಡಿಯೊ ತೆರೆಯುವುದಿಲ್ಲ, ಪಂಚನಾಮೆಯ ಸ್ಕ್ಯಾನ್ ಓದಲು ಬರುವುದಿಲ್ಲ. ಅಷ್ಟರಲ್ಲಿ ಪ್ರಕರಣ ಒಪ್ಪಿಸಲ್ಪಟ್ಟು 60 ದಿನಗಳ ಎಣಿಕೆ ಶುರುವಾಗಿಬಿಟ್ಟಿರುತ್ತದೆ.

ಇಂತಹ ತೊಂದರೆಗೆ ಹೆಚ್ಚಿನವರು ಬರೆಯುವ ಸಲಹೆ, ‘ಓದಲು ಬರುವ ಪ್ರತಿ ಸಿಕ್ಕ ದಿನದಿಂದ 60 ದಿನ ಎಣಿಸಬೇಕೆಂದು ನಿಯಮ ಮಾಡಿ’ ಎಂಬುದು. ಇದು ಸಲಹೆಗಳನ್ನು ಪರಿಶೀಲಿಸುವವರ ಮುಂದೆ ನಿಲ್ಲುವುದಿಲ್ಲ. ಸಂಹಿತೆಯೇ ಒಪ್ಪಿಸಿದ ದಿನದಿಂದ ಎಂದಿರುವಾಗ ನಿಯಮ ಅದನ್ನು ಬದಲಿಸುವಂತಿಲ್ಲ. ದಾರಿ ಇನ್ನೊಂದಿದೆ. 232ನೇ ಕಲಮು, 230 ಅಥವಾ 231ನೇ ಕಲಮನ್ನು (ಪೊಲೀಸ್ ವರದಿಯಿಲ್ಲದೆ ಶುರುವಾದ ಪ್ರಕರಣದಲ್ಲಿ ಪ್ರತಿ ಕೊಡುವುದನ್ನು ಹೇಳುವುದು 231) ಪಾಲಿಸಿದ ನಂತರವೇ ಪ್ರಕರಣವನ್ನು ಒಪ್ಪಿಸಬೇಕು ಎನ್ನುತ್ತದೆ. ಹಾಗಾದರೆ ‘ಪಾಲಿಸಿದ್ದು’ ಹೇಗೆ ಖಚಿತವಾಗಬೇಕು ಎಂದು ಹೇಳುವುದು ಕಾರ್ಯವಿಧಾನದ ವಿಷಯ, ನಿಯಮದ ವ್ಯಾಪ್ತಿಗೆ ಬರುವಂಥದ್ದು. ನಿಮ್ಮ ಬದಲಿ ವಾಕ್ಯ ಹೀಗಿರಬಹುದು:

‘ದಂಡಾಧಿಕಾರಿಯು ಪ್ರಕರಣವನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುವ ಮೊದಲು, ವಿದ್ಯುನ್ಮಾನ ರೂಪದಲ್ಲಿ ಒದಗಿಸಿದ ಪ್ರತಿಯೊಂದು ದಾಖಲೆಯೂ ತೆರೆದು ಓದಲು ಅಥವಾ ನೋಡಲು ಬರುವ ಸ್ಥಿತಿಯಲ್ಲಿದೆ ಎಂಬುದನ್ನು ಆರೋಪಿಯ ಅಥವಾ ಅವನ ವಕೀಲರ ಸಮ್ಮುಖದಲ್ಲಿ ಖಚಿತಪಡಿಸಿಕೊಂಡು, ಕಡತಗಳ ಪಟ್ಟಿಯೊಂದಿಗೆ ಆ ಸಂಗತಿಯನ್ನು ಆದೇಶ ಹಾಳೆಯಲ್ಲಿ ದಾಖಲಿಸತಕ್ಕದ್ದು.’

ಕಾನೂನು ಮುಚ್ಚಿರುವ ಬಾಗಿಲನ್ನು ತಟ್ಟುತ್ತಾ ಕೂರದೆ ಅದೇ ಕಾನೂನು ತೆರೆದಿಟ್ಟಿರುವ ಜಾಗವನ್ನು ಹುಡುಕುವ ಈ ಬಗೆಯನ್ನೇ ಉಳಿದ ನಿಯಮಗಳಿಗೂ ಅನ್ವಯಿಸಿ. ಡಿಜಿಟಲ್ ದಾಖಲೆಯ ಪ್ರತಿ ಪಡೆಯುವ ಹಕ್ಕಿಗೆ ಪಿ. ಗೋಪಾಲಕೃಷ್ಣನ್ ವಿರುದ್ಧ ಕೇರಳ ರಾಜ್ಯ (2019) ತೀರ್ಪನ್ನು ಆಧರಿಸಿ. ಮೆಮೊರಿ ಕಾರ್ಡಿನಲ್ಲಿರುವುದು ದಾಖಲೆಯೇ ಎಂದು ಅದು ಹೇಳಿತು, ಆದರೆ ಸಂತ್ರಸ್ತೆಯ ಖಾಸಗಿತನ ಒಳಗೊಂಡಾಗ ಪ್ರತಿಯ ಬದಲು ವೀಕ್ಷಣೆಗೆ ಮಿತಿಗೊಳಿಸಬಹುದು ಎಂದೂ ಹೇಳಿತು. ಎರಡನೆಯ ಅರ್ಧವನ್ನು ಮುಚ್ಚಿಟ್ಟು ಮೊದಲ ಅರ್ಧವನ್ನು ಮಾತ್ರ ಉಲ್ಲೇಖಿಸಿದರೆ ಇಡೀ ಟಿಪ್ಪಣಿಯ ವಿಶ್ವಾಸಾರ್ಹತೆ ಹೋಗುತ್ತದೆ.

ಹಂತ 5: ವಿಡಿಯೊ ಮೂಲಕ ಸಾಕ್ಷ್ಯ ಎಂಬಲ್ಲಿ ಪಾಟೀಸವಾಲಿನ ಸ್ಥಾನ ನೋಡಿ

530ನೇ ಕಲಮು ವಿಚಾರಣೆಯನ್ನು ವಿದ್ಯುನ್ಮಾನ ವಿಧಾನದಲ್ಲಿ ನಡೆಸಲು ಅವಕಾಶ ಕೊಟ್ಟಿದೆ, 254 ಮತ್ತು 265ನೇ ಕಲಮುಗಳು ಸಾಕ್ಷಿಗಳನ್ನು ಧ್ವನಿ–ದೃಶ್ಯ ಸಾಧನದ ಮೂಲಕ ವಿಚಾರಿಸುವುದನ್ನು ಹೇಳುತ್ತವೆ. ಇದನ್ನೇ ವಿರೋಧಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಜಿಲ್ಲೆಯಲ್ಲಿ ಭಟ್ಕಳದಿಂದಲೋ ಮುಂಡಗೋಡದಿಂದಲೋ ಕಾರವಾರಕ್ಕೆ ಬಂದು ಹೋಗಲು ಸಾಕ್ಷಿಗೂ ಜಾಮೀನಿನ ಮೇಲಿರುವ ಆರೋಪಿಗೂ ಇಡೀ ದಿನ ಹೋಗುತ್ತದೆ ಎಂಬುದನ್ನು ಮರೆಯದಿರಿ. ಕೇಳಬೇಕಾದದ್ದು ಸುರಕ್ಷತೆಯ ಕ್ರಮಗಳನ್ನು.

ಮೊದಲನೆಯದು, ಸಾಕ್ಷಿ ಕುಳಿತಿರುವ ಜಾಗ. 308ನೇ ಕಲಮು ರಾಜ್ಯ ಸರ್ಕಾರ ಅಧಿಸೂಚಿಸಿದ ಗೊತ್ತುಪಡಿಸಿದ ಸ್ಥಳದ ಬಗ್ಗೆ ಮಾತಾಡುತ್ತದೆ. ಕರಡು ನಿಯಮ ಪೊಲೀಸ್ ಠಾಣೆಯಿಂದ ಸಾಕ್ಷ್ಯ ನುಡಿಯಲು ಎಡೆಮಾಡಿಕೊಡುತ್ತದೆಯೇ, ಸಾಕ್ಷಿಯ ಪಕ್ಕದಲ್ಲಿ ಯಾರಿರಬಹುದು ಎಂದು ಹೇಳಿದೆಯೇ, ಕೋಣೆ ಪೂರ್ತಿ ಕಾಣುವಂತೆ ಕ್ಯಾಮೆರಾ ಇರಬೇಕೆಂದಿದೆಯೇ ಎಂದು ಪರಿಶೀಲಿಸಿ.

ಎರಡನೆಯದು, ದಾಖಲೆ ತೋರಿಸಿ ಪ್ರಶ್ನಿಸುವುದು. ಸಾಕ್ಷಿಯು ತನಿಖೆಯಲ್ಲಿ ಕೊಟ್ಟ ಹಿಂದಿನ ಹೇಳಿಕೆಗೂ ಕೋರ್ಟಿನಲ್ಲಿ ನುಡಿದದ್ದಕ್ಕೂ ಇರುವ ವಿರೋಧವನ್ನು ಸಾಕ್ಷ್ಯ ಅಧಿನಿಯಮದ 148ನೇ ಕಲಮಿನಂತೆ ದಾಖಲಿಸಲು ಆ ಭಾಗವನ್ನು ಸಾಕ್ಷಿಯ ಗಮನಕ್ಕೆ ತರಲೇಬೇಕು. ಸಾಕ್ಷಿ ಶಿರಸಿಯಲ್ಲಿ, ವಕೀಲರು ಕಾರವಾರದಲ್ಲಿ ಇದ್ದರೆ ಆ ದಾಖಲೆಯನ್ನು ಮುಂಚಿತವಾಗಿ ಅಲ್ಲಿಗೆ ಕಳಿಸಬೇಕಾಗುತ್ತದೆ, ಹಾಗೆ ಕಳಿಸಿದರೆ ಪಾಟೀಸವಾಲಿನ ದಿಕ್ಕು ಮೊದಲೇ ಬಯಲಾಗುತ್ತದೆ. ಇದಕ್ಕೆ ಮೊಹರು ಮಾಡಿದ ಲಕೋಟೆಯ ವ್ಯವಸ್ಥೆ ಸೂಚಿಸಿ: ವಕೀಲರು ಕೊಡುವ ದಾಖಲೆಗಳು ಆ ಸ್ಥಳದ ಸಂಯೋಜಕರ ಬಳಿ ಮುಚ್ಚಿದ ಲಕೋಟೆಯಲ್ಲಿದ್ದು, ನ್ಯಾಯಾಧೀಶರು ಹೇಳಿದ ಮೇಲೆ ಕ್ಯಾಮೆರಾದ ಎದುರಿಗೇ ತೆರೆಯಲ್ಪಡಬೇಕು.

ಮೂರನೆಯದು, ಆರೋಪಿ ಕಾರಾಗೃಹದಿಂದ ಪರದೆಯ ಮೇಲೆ ಹಾಜರಾಗುವಾಗ ವಕೀಲರ ಜೊತೆ ಗುಟ್ಟಾಗಿ ಮಾತಾಡಲು ಪ್ರತ್ಯೇಕ ದೂರವಾಣಿ. ಬಂಧಿತನಿಗೆ ತನ್ನ ಆಯ್ಕೆಯ ವಕೀಲರನ್ನು ಸಂಪರ್ಕಿಸುವ ಹಕ್ಕು ಕೊಡುವ ಸಂವಿಧಾನದ 22(1)ನೇ ವಿಧಿಯ ಆಧಾರದ ಮೇಲೆ ಇದನ್ನು ಕೇಳಬಹುದು. ಸಂಪರ್ಕ ಕಡಿದಾಗ ಏನು ಮಾಡಬೇಕೆಂಬ ನಿಯಮವೂ ಬೇಕು. ಜೋಯಿಡಾದ ಹಳ್ಳಿಗಳಲ್ಲಿ, ಘಟ್ಟದ ಅಂಚಿನಲ್ಲಿ, ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದನ್ನು ಬೆಂಗಳೂರಿನಲ್ಲಿ ಕುಳಿತು ಕರಡು ಬರೆಯುವವರು ಊಹಿಸಲಾರರು, ನೀವು ಬರೆದು ತಿಳಿಸಬೇಕು.

336ನೇ ಕಲಮಿನ ಬಗ್ಗೆ ಒಂದು ಮಾತು. ವರ್ಗವಾದ ಅಥವಾ ನಿವೃತ್ತರಾದ ಅಧಿಕಾರಿಯ ಬದಲು ಅವರ ಸ್ಥಾನಕ್ಕೆ ಬಂದವರಿಂದ ದಾಖಲೆಯ ಬಗ್ಗೆ ಸಾಕ್ಷ್ಯ ಪಡೆಯಲು ಅದು ಅವಕಾಶ ಕೊಡುತ್ತದೆ. ಅರಣ್ಯ ಪ್ರಕರಣಗಳು ಸಾಕಷ್ಟಿರುವ ನಮ್ಮ ಜಿಲ್ಲೆಗೆ ಇದು ದೊಡ್ಡ ವಿಷಯ. ಹೊಸಬರು ದಾಖಲೆಯಲ್ಲಿರುವುದನ್ನು ಮಾತ್ರ ಹೇಳಬಹುದು, ಹಿಂದಿನವರು ಕಾಡಿನಲ್ಲಿ ಕಣ್ಣಾರೆ ಕಂಡದ್ದನ್ನಲ್ಲ ಎಂದು ನಿಯಮದಲ್ಲಿ ಸ್ಪಷ್ಟಪಡಿಸುವಂತೆ ಕೇಳಿ.

ಹಂತ 6: ವಾಯಿದೆ, ಭಾಷೆ, ಸಮನ್ಸ್

346ನೇ ಕಲಮಿನಂತೆ ಪಕ್ಷಗಾರನ ಕೈಮೀರಿದ ಸಂದರ್ಭದಲ್ಲಿ ಎರಡಕ್ಕಿಂತ ಹೆಚ್ಚು ವಾಯಿದೆ ಸಿಗುವುದಿಲ್ಲ, ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವೇ ಆಗುವುದಿಲ್ಲ. ಈ ಮಿತಿಯನ್ನು ನಿಯಮದಿಂದ ಸಡಿಲಿಸಲಾಗದು. ಆದರೆ ನ್ಯಾಯಾಲಯಕ್ಕೆ ತಲುಪುವ ರಸ್ತೆಯೇ ಮುಚ್ಚಿದ ದಿನವನ್ನು ಪಕ್ಷಗಾರನ ಲೆಕ್ಕಕ್ಕೆ ಹಿಡಿಯದೆ, ನ್ಯಾಯಾಲಯವೇ ಪ್ರಕರಣಗಳನ್ನು ಮುಂದಿನ ದಿನಕ್ಕೆ ಮರುನಿಗದಿ ಮಾಡುವ ಕ್ರಮವನ್ನು ನೀವು ಸೂಚಿಸಬಹುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಮರುತಿಂಗಳು ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇವು ಜಿಲ್ಲಾಡಳಿತದ ದಾಖಲೆಗಳಲ್ಲಿರುವ ಘಟನೆಗಳು, ಇವನ್ನು ಉಲ್ಲೇಖಿಸಿದರೆ ವಾದಕ್ಕೆ ಸ್ಥಳೀಯ ಆಧಾರ ಸಿಗುತ್ತದೆ.

ಭಾಷೆಯ ವಿಷಯದಲ್ಲಿ 312 ಮತ್ತು 314ನೇ ಕಲಮುಗಳನ್ನು ನೋಡಿ. ಕೊಂಕಣಿ, ನವಾಯತಿ (ಭಟ್ಕಳದ ನವಾಯತ ಮುಸ್ಲಿಮರ ಮಾತು), ಮರಾಠಿ ಮಾತಾಡುವ ಸಾಕ್ಷಿಗಳು ನಮ್ಮಲ್ಲಿ ಸಾಮಾನ್ಯ. ಅವರ ಮಾತನ್ನು ಕನ್ನಡದಲ್ಲಿ ಬರೆದುಕೊಳ್ಳುವಾಗ ಅನುವಾದ ಮಾಡಿದವರು ಯಾರು ಎಂಬುದು ದಾಖಲಾಗಲಿ, ಧ್ವನಿಮುದ್ರಣ ಇದ್ದರೆ ಅದರ ಪ್ರತಿ ಆರೋಪಿಗೂ ಸಿಗಲಿ ಎಂದು ಕೇಳಿ.

ವಿದ್ಯುನ್ಮಾನ ಸಮನ್ಸ್ ಕುರಿತು ಬರೆಯುವಾಗ ಒಂದು ಗೊಂದಲ ಮಾಡಿಕೊಳ್ಳಬೇಡಿ. ಪೊಲೀಸರು 35ನೇ ಕಲಮಿನಡಿ ಕೊಡುವ ಹಾಜರಾತಿ ನೋಟಿಸನ್ನು ವಾಟ್ಸಾಪ್ ಮುಂತಾದವುಗಳ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ 2025ರಲ್ಲಿ ಹೇಳಿದೆ. ನ್ಯಾಯಾಲಯದ ಸಮನ್ಸ್‌ಗೆ ಸಂಹಿತೆಯೇ ವಿದ್ಯುನ್ಮಾನ ಮಾರ್ಗವನ್ನು ಒಪ್ಪಿದೆ. ಎರಡನ್ನೂ ಒಂದೇ ಎಂದು ಬರೆದರೆ ಓದುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ಹಂತ 7: ಟಿಪ್ಪಣಿ ಬರೆಯಿರಿ

ಪ್ರತಿಯೊಂದು ಆಕ್ಷೇಪಣೆಗೂ ನಾಲ್ಕು ಭಾಗ ಸಾಕು: ಕರಡು ನಿಯಮದ ಸಂಖ್ಯೆ, ಅದರಿಂದ ಆಗುವ ತೊಂದರೆ, ಕಾನೂನಿನ ಆಧಾರ, ಬದಲಿ ವಾಕ್ಯ. ವಾದವನ್ನು ಕನ್ನಡದಲ್ಲಿ ಬರೆದರೂ ಬದಲಿ ವಾಕ್ಯವನ್ನು ಇಂಗ್ಲಿಷಿನಲ್ಲೂ ಕೊಡಿ, ಏಕೆಂದರೆ ಸಂವಿಧಾನದ 348ನೇ ವಿಧಿಯ ಕಾರಣದಿಂದ ನಿಯಮಗಳ ಅಧಿಕೃತ ಪಠ್ಯ ಇಂಗ್ಲಿಷಿನಲ್ಲಿರುತ್ತದೆ.

ತೊಂದರೆಯನ್ನು ವಿವರಿಸುವಾಗ ನಿಮ್ಮ ಆದೇಶ ಹಾಳೆಗಳಿಂದ ದಿನಾಂಕಗಳನ್ನು ತೆಗೆದುಕೊಳ್ಳಿ, ಆದರೆ ಕಕ್ಷಿದಾರರ ಹೆಸರು, ಅಪರಾಧ ಸಂಖ್ಯೆ, ಊರಿನ ಗುರುತು ತೆಗೆದುಹಾಕಿ. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತನ್ನು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ, ಮಕ್ಕಳ ಪ್ರಕರಣಗಳನ್ನಂತೂ ಉದಾಹರಣೆಗೇ ತೆಗೆದುಕೊಳ್ಳಬೇಡಿ. ಯಾವ ನ್ಯಾಯಾಧೀಶರ, ಸರ್ಕಾರಿ ಅಭಿಯೋಜಕರ ಹೆಸರೂ ಬೇಡ. ಸಂಹಿತೆಯನ್ನೇ ರದ್ದು ಮಾಡಿ ಎಂಬ ಬೇಡಿಕೆಯೂ ಇಲ್ಲಿ ಬೇಡ, ಅದನ್ನು ಸಂಸತ್ತಿನ ಬಾಗಿಲಿಗೆ ಒಯ್ಯಬೇಕು.

ಹಂತ 8: ಸಂಘದ ಮೂಲಕವೂ ಸ್ವಂತವಾಗಿಯೂ ಕಳಿಸಿ

ವಕೀಲರ ಸಂಘದ ಸಭೆಯಲ್ಲಿ ಕರಡನ್ನು ಓದಲು ಮೂರ್ನಾಲ್ಕು ಜನರ ಸಮಿತಿ ಸಾಕು, ಅದರಲ್ಲಿ ಕಾನೂನು ನೆರವಿನ ಪ್ರಕರಣ ನಡೆಸುವವರೊಬ್ಬರು ಇರಲಿ, ಏಕೆಂದರೆ ಸ್ವಂತ ವಕೀಲರನ್ನು ನೇಮಿಸಿಕೊಳ್ಳಲಾಗದ ಆರೋಪಿಯ ಕಷ್ಟ ಅವರಿಗೆ ಚೆನ್ನಾಗಿ ಗೊತ್ತು. ಒಂದೇ ಮಾದರಿಯ ಪತ್ರಕ್ಕೆ ನೂರು ಸಹಿ ಹಾಕಿಸುವುದಕ್ಕಿಂತ ಘಟ್ಟದ ಮೇಲಿನ ಸಂಘ ಮತ್ತು ಕರಾವಳಿಯ ಸಂಘ ಬೇರೆ ಬೇರೆ ವಿಷಯ ಹಂಚಿಕೊಂಡು ಬರೆಯುವುದು ಒಳ್ಳೆಯದು. ಕಲಾಪ ಬಹಿಷ್ಕಾರದ ಮಾತು ಎದ್ದರೆ ಕ್ಯಾಪ್ಟನ್ ಹರೀಶ್ ಉಪ್ಪಲ್ ಪ್ರಕರಣದಲ್ಲಿ (2002) ಸರ್ವೋಚ್ಚ ನ್ಯಾಯಾಲಯವು ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದದ್ದನ್ನು ನೆನಪಿಸಿ. ಬಹಿಷ್ಕಾರದ ದಿನ ನಷ್ಟವಾಗುವುದು ಜೈಲಿನಲ್ಲಿರುವ ಆರೋಪಿಗೇ.

ಅಧಿಸೂಚನೆಯಲ್ಲಿ ಹೇಳಿದ ವಿಳಾಸಕ್ಕೆ, ಸಾಮಾನ್ಯವಾಗಿ ಉಚ್ಚ ನ್ಯಾಯಾಲಯದ ರಿಜಿಸ್ಟ್ರಾರ್ ಜನರಲ್ ಅವರಿಗೆ, ಟಿಪ್ಪಣಿ ಹೋಗಬೇಕು. ನಮ್ಮ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಗೆ ಬರುವುದರಿಂದ ಅಲ್ಲಿಗೆ ಕೊಟ್ಟರೆ ಸಾಕೆಂದು ಭಾವಿಸಬೇಡಿ, ಅಧಿಸೂಚನೆ ಹೇಳಿದ ಕಡೆಗೇ ಕಳಿಸಿ. ಇಮೇಲ್‌ನಲ್ಲಿ ಅಕ್ಷರ ಹುಡುಕಲು ಬರುವ ಪಿಡಿಎಫ್ ಇರಲಿ. ಅಂಚೆಯಲ್ಲಾದರೆ, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದರಿಂದ, ಬಟವಾಡೆಯ ದೃಢೀಕರಣ ಕೇಳಿ ಸ್ಪೀಡ್ ಪೋಸ್ಟ್ ಮಾಡಿ. ಪ್ರತಿಯನ್ನು ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೂ ರಾಜ್ಯ ವಕೀಲರ ಪರಿಷತ್ತಿಗೂ ಕಳಿಸಿ.

ಹಂತ 9: ಅಂತಿಮ ನಿಯಮ ಬಂದ ಮೇಲೆ

ಅಂತಿಮ ಅಧಿಸೂಚನೆಯನ್ನು ಅದೇ ಮೂರು ಕಂಬಸಾಲಿನ ಪಟ್ಟಿಯ ಪಕ್ಕದಲ್ಲಿಟ್ಟು ಓದಿ. ನಿಮ್ಮ ಸಲಹೆ ಸೇರಿಲ್ಲವೆಂದ ಮಾತ್ರಕ್ಕೆ ರಿಟ್ ಅರ್ಜಿಗೆ ಕಾರಣ ಹುಟ್ಟುವುದಿಲ್ಲ. ನಿಯಮವು ಸಂಹಿತೆಗೆ ಅಥವಾ ಸಂವಿಧಾನಕ್ಕೆ ವಿರುದ್ಧವಾಗಿದ್ದರೆ 226ನೇ ವಿಧಿಯಡಿ ಪ್ರಶ್ನಿಸಬಹುದು, ಆಗ ಕರಡಿನ ಹಂತದಲ್ಲೇ ಆಕ್ಷೇಪಿಸಿದ್ದೆವು ಎಂಬುದಕ್ಕೆ ಸ್ವೀಕೃತಿ ಪತ್ರ ಪುರಾವೆಯಾಗುತ್ತದೆ.

ಕೊನೆಯದಾಗಿ ಬಾಕಿ ಪ್ರಕರಣಗಳ ಪ್ರಶ್ನೆ. ಸಂಹಿತೆ ಜಾರಿಗೆ ಬರುವ ಮೊದಲೇ ಬಾಕಿ ಇದ್ದ ತನಿಖೆ, ವಿಚಾರಣೆ, ಮೇಲ್ಮನವಿಗಳು 531ನೇ ಕಲಮಿನಂತೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಡಿಯೇ ಮುಂದುವರಿಯುತ್ತವೆ. ಹೊಸ ನಿಯಮಗಳು ಅಂತಹ ಪ್ರಕರಣಗಳಿಗೂ ಅನ್ವಯಿಸುತ್ತವೆಯೇ, ಅನ್ವಯಿಸಿದರೆ ಯಾವ ಹಂತದಿಂದ ಎಂದು ಉಳಿಸುವಿಕೆಯ ನಿಯಮದಲ್ಲಿ (ಹಳೆಯ ಪ್ರಕರಣಗಳಿಗೆ ಏನು ಅನ್ವಯ ಎಂದು ಹೇಳುವ ಸೇವಿಂಗ್ಸ್ ಕ್ಲಾಸ್‌ನಲ್ಲಿ) ಓದಿ, ಕಚೇರಿಯ ಪ್ರತಿಯೊಂದು ಕಡತದ ಮೇಲೂ ಅದು ಹಳೆಯದೋ ಹೊಸದೋ ಎಂದು ಬರೆದಿಡಿ.